ತಟ್ಟೆ ಲೋಟದ ತಪ್ಪೇನು?

ಮನೆಯಲ್ಲಿ ಒಬ್ಬರಿಗೆ ಕ್ಷಯವೆಂದು ಗೊತ್ತಾದ ದಿನವೇ ಅಡುಗೆಮನೆಯ ಕಟ್ಟಳೆ ಬದಲಾಗುತ್ತದೆ. ಅವರ ತಟ್ಟೆ ಬೇರೆ, ಲೋಟ ಬೇರೆ. ಹಾಸಿಗೆ ನಡುಮನೆಯಿಂದ ಹಿಂದಿನ ಕತ್ತಲೆ ಕೋಣೆಗೆ. ನೆರೆಯವರು ವಿಚಾರಿಸಿದರೆ 'ಸ್ವಲ್ಪ ಕಫ ಕಟ್ಟಿದೆ' ಎಂಬ ಉತ್ತರ. ಸುದ್ದಿ ಹಬ್ಬಿದರೆ ಮಗಳಿಗೆ ಸಂಬಂಧ ಕೂಡಿಬರುವುದಿಲ್ಲವೆಂಬ ಅಂಜಿಕೆ. ಮನೆಯವರು ನಿರ್ದಯಿಗಳೇನಲ್ಲ, ಭಯಪಟ್ಟವರು. ಆದರೆ ಆ ಭಯ ಕಳ್ಳ ಬಾರದ ಬಾಗಿಲಿಗೆ ಕಾವಲು ಕೂತಿದೆ.

ಕ್ಷಯದ ರೋಗಾಣುವನ್ನು ರಾಬರ್ಟ್ ಕಾಕ್ ಬರ್ಲಿನ್ನಿನಲ್ಲಿ 1882ರ ಮಾರ್ಚ್ 24ರಂದು ಲೋಕಕ್ಕೆ ತಿಳಿಸಿದರು. ಅದು ಹರಡುವುದು ಗಾಳಿಯಿಂದ. ಎಂಜಲು ತಟ್ಟೆಯಿಂದಲ್ಲ, ಬಟ್ಟೆಯಿಂದಲ್ಲ, ಮುಟ್ಟುವುದರಿಂದಲೂ ಅಲ್ಲ. ಶ್ವಾಸಕೋಶದ ಕ್ಷಯವಿರುವವರು ಕೆಮ್ಮಿದಾಗ ಹೊರಬೀಳುವ ಅತಿಸೂಕ್ಷ್ಮ ಹನಿಗಳು ಒಣಗಿ, ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ತೇಲಾಡುತ್ತವೆ. ಗಾಳಿಯಾಡಿದರೆ ಅವು ಚದುರುತ್ತವೆ. ಬಿಸಿಲು ರೋಗಾಣುವನ್ನು ಕೊಲ್ಲುತ್ತದೆ. ಅಂದಮೇಲೆ ರೋಗಿಯನ್ನು ಕತ್ತಲೆ ಕೋಣೆಗೆ ತಳ್ಳುವುದು ರೋಗಾಣುವಿಗೆ ಮಾಡಿದ ಉಪಕಾರವೇ ಸರಿ. ಕಿಟಕಿ ತೆರೆಯುವುದು, ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯುವುದು, ಇವು ನಿಜವಾದ ಕಾವಲು.

ಒಳಹೊಕ್ಕ ರೋಗಾಣು ಎಲ್ಲರನ್ನೂ ಕೆಡವುವುದಿಲ್ಲ. ಶ್ವಾಸಕೋಶದ ಗಾಳಿಚೀಲಗಳಲ್ಲಿ ಕಾವಲಿರುವ ಜೀವಕೋಶಗಳು ಅದನ್ನು ನುಂಗುತ್ತವೆ. ಅರಗಿಸಿಕೊಳ್ಳಲಾಗದಿದ್ದಾಗ ಸುತ್ತ ಕೋಟೆ ಕಟ್ಟಿ ಕೂಡಿಹಾಕುತ್ತವೆ. ಹೀಗೆ ಸೋಂಕು ತಗುಲಿದವರು ಜಗತ್ತಿನ ಜನಸಂಖ್ಯೆಯ ಕಾಲುಭಾಗದಷ್ಟಿದ್ದಾರೆಂದು ಅಂದಾಜು. ಅವರಲ್ಲಿ ಬದುಕಿನ ಒಂದಲ್ಲ ಒಂದು ಹಂತದಲ್ಲಿ ಕಾಯಿಲೆ ಬೀಳುವವರು ನೂರಕ್ಕೆ 5ರಿಂದ 10 ಮಂದಿ. ಅರೆಹೊಟ್ಟೆ, ಸಕ್ಕರೆ ಕಾಯಿಲೆ, ಎಚ್.ಐ.ವಿ., ಬೀಡಿ ಸಿಗರೇಟು, ಕುಡಿತ ಇವು ಕೋಟೆಯನ್ನು ದುರ್ಬಲಗೊಳಿಸುತ್ತವೆ. ಕೋಟೆ ಬಿರಿದರೆ ಶ್ವಾಸಕೋಶ ಕೊಳೆತು ಪೊಳ್ಳಾಗುತ್ತದೆ. ಬಿಡದ ಕೆಮ್ಮು, ಸಂಜೆಯ ಜ್ವರ, ರಾತ್ರಿಯ ಬೆವರು, ಇಳಿಯುವ ತೂಕ, ಕೆಲವರಿಗೆ ಕಫದಲ್ಲಿ ರಕ್ತ, ಇವೆಲ್ಲ ಆಗಿನ ಲಕ್ಷಣಗಳು.

ಔಷಧಿಯಿಲ್ಲದ ಕಾಲದಲ್ಲಿ ಒಳ್ಳೆಯ ಗಾಳಿ, ವಿಶ್ರಾಂತಿ, ಪುಷ್ಟಿಕರ ಆಹಾರಗಳೇ ಚಿಕಿತ್ಸೆ. ಅದಕ್ಕೆಂದೇ ಊರ ಹೊರಗೆ ಸ್ಯಾನಿಟೋರಿಯಂಗಳು ಎದ್ದವು. ಮೈಸೂರಿನ ಕೃಷ್ಣಾಜಮ್ಮಣ್ಣಿ ಸ್ಯಾನಿಟೋರಿಯಂ ಅಂಥದೊಂದು. ಔಷಧಿಗಳು ಬಂದ ಮೇಲೆ, 1956ರಲ್ಲಿ, ಮದ್ರಾಸಿನಲ್ಲಿ ಒಂದು ಪರೀಕ್ಷೆ ನಡೆಯಿತು. ಒಂದು ಗುಂಪಿನ ರೋಗಿಗಳನ್ನು ಸ್ಯಾನಿಟೋರಿಯಂನಲ್ಲಿಟ್ಟರು. ಇನ್ನೊಂದು ಗುಂಪಿಗೆ ಅವರ ಇಕ್ಕಟ್ಟಾದ ಮನೆಗಳಲ್ಲೇ ಅದೇ ಔಷಧಿ ಕೊಟ್ಟರು. ಮನೆಯಲ್ಲಿದ್ದವರಿಗೆ ಊಟವೂ ಕಡಿಮೆ, ವಿಶ್ರಾಂತಿಯೂ ಕಡಿಮೆ. ಆದರೂ 1959ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡು ಗುಂಪುಗಳೂ ಹೆಚ್ಚುಕಡಿಮೆ ಸಮನಾಗಿ ಗುಣ ಕಂಡಿದ್ದವು. ಮನೆಯಲ್ಲೇ ಚಿಕಿತ್ಸೆ ಪಡೆದವರ ಕುಟುಂಬದವರಿಗೆ ಅದರಿಂದ ಹೆಚ್ಚಿನ ಅಪಾಯವೂ ಆಗಿರಲಿಲ್ಲ. ರೋಗಿಯನ್ನು ಮನೆಯಿಂದ ದೂರ ಮಾಡಬೇಕೆಂಬ ವಾದ ಅಲ್ಲಿಗೆ ಬಿತ್ತು. ಸರಿಯಾದ ಮಾತ್ರೆ ಆರಂಭಿಸಿದ ಕೆಲವೇ ವಾರಗಳಲ್ಲಿ ರೋಗ ಹರಡುವ ಶಕ್ತಿ ಸಾಮಾನ್ಯವಾಗಿ ಬಹಳ ತಗ್ಗುತ್ತದೆ.

ಹಾಗಾದರೆ ಮನೆಮಂದಿಗೆ ಸೋಂಕು ತಗುಲುವುದು ಯಾವಾಗ? ಹೆಚ್ಚಾಗಿ ರೋಗ ಪತ್ತೆಯಾಗುವ ಮೊದಲು, ಕೆಮ್ಮನ್ನು ಬರಿಯ ಕೆಮ್ಮೆಂದು ಕಡೆಗಣಿಸಿದ ತಿಂಗಳುಗಳಲ್ಲಿ. ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆದು 1963ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಾವಾಗಿಯೇ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದರು. ಅವರಲ್ಲಿ ಬಹುತೇಕರಿಗೆ ಸಿಕ್ಕಿದ್ದು ಕೆಮ್ಮಿನ ಔಷಧಿಯ ಬಾಟಲಿ. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಆಗಲೇಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಅದೂ ಉಚಿತ, ಮಾತ್ರೆಗಳೂ ಉಚಿತ.

ಸಾಮಾನ್ಯ ಕ್ಷಯಕ್ಕೆ ಚಿಕಿತ್ಸೆ ಆರು ತಿಂಗಳು. ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಆಮೇಲೆ ಮೂರು. ರಿಫಾಂಪಿಸಿನ್ ಎಂಬ ಔಷಧಿಯಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ. ಆದರೆ ಕಣ್ಣು ಹಳದಿಯಾದರೆ, ದೃಷ್ಟಿ ಮಂಜಾದರೆ ಕೂಡಲೇ ವೈದ್ಯರಿಗೆ ಹೇಳಬೇಕು. ಅಪಾಯ ಕಾದಿರುವುದು ಎರಡನೆಯ ತಿಂಗಳ ಹೊತ್ತಿಗೆ. ಜ್ವರ ಬಿಟ್ಟಿರುತ್ತದೆ, ಹಸಿವು ಮರಳಿರುತ್ತದೆ. ಕೂಲಿಗೆ ಹೋಗುವಷ್ಟು ಕಸುವು ಬಂದಿರುತ್ತದೆ. 'ಇನ್ನೇಕೆ ಮಾತ್ರೆ?' ಎನಿಸುತ್ತದೆ. ಆದರೆ ಈ ರೋಗಾಣು ಒಂದು ಎರಡಾಗಲು ಹತ್ತಿರ ಹತ್ತಿರ ಒಂದು ದಿನ ಹಿಡಿಯುತ್ತದೆ. ಕೆಲವಂತೂ ಮಲಗಿಯೇ ಇರುತ್ತವೆ. ಮಲಗಿದವುಗಳನ್ನು ಔಷಧಿ ಬೇಗ ಮುಟ್ಟದು. ನಡುವೆ ಬಿಟ್ಟರೆ ಉಳಿದವು ಮತ್ತೆ ಎದ್ದು, ಔಷಧಿಗೂ ಬಗ್ಗದಂತಾಗಬಹುದು.

ತಟ್ಟೆಯ ವಿಚಾರಕ್ಕೆ ಇನ್ನೊಂದು ಮುಖವಿದೆ. ಜಾರ್ಖಂಡಿನಲ್ಲಿ 2019ರಿಂದ 2022ರವರೆಗೆ ನಡೆದ ಅಧ್ಯಯನವೊಂದರಲ್ಲಿ ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ವೈದ್ಯ ಸಂಶೋಧಕರು ಮುಂದಾಳುಗಳಾಗಿದ್ದರು. ಅಲ್ಲಿ ರೋಗಿಗಳಿಗೆಲ್ಲ ಪಡಿ ಸಿಕ್ಕಿತು. ಕೆಲವು ಊರುಗಳಲ್ಲಿ ಅವರ ಮನೆಯ ಉಳಿದವರಿಗೂ ತಲೆಗೆ ತಿಂಗಳಿಗೆ 5 ಕಿಲೊ ಅಕ್ಕಿ, ಒಂದೂವರೆ ಕಿಲೊ ಬೇಳೆ ಕೊಡಲಾಯಿತು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಆ ಮನೆಗಳಲ್ಲಿ ಹೊಸದಾಗಿ ಕ್ಷಯಕ್ಕೆ ತುತ್ತಾಗುವುದು ಶೇಕಡ 39ರಷ್ಟು ತಗ್ಗಿತ್ತು. ರೋಗವನ್ನು ಗುಣಪಡಿಸುವುದು ಮಾತ್ರೆ. ಮನೆಯವರನ್ನು ಕಾಯುವುದರಲ್ಲಿ ಅನ್ನ ಬೇಳೆಯ ಪಾಲು ದೊಡ್ಡದು. ತಟ್ಟೆಯನ್ನು ಬೇರೆ ಮಾಡಬೇಕಿಲ್ಲ, ತುಂಬಿಸಬೇಕು.

ರೋಗಿಯ ಪೋಷಣೆಗೆಂದು ಸರ್ಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು. 2024ರ ನವೆಂಬರಿನಿಂದ ಅದು 1,000 ರೂಪಾಯಿ ಆಗಿದೆ. ಕೇಳಿ ಪಡೆಯಲು ನಾಚಿಕೆ ಬೇಡ. ಜೊತೆಗೆ ಮನೆಮಂದಿಯೆಲ್ಲ, ಮುಖ್ಯವಾಗಿ ಐದು ವರ್ಷದೊಳಗಿನ ಮಕ್ಕಳು, ತಪಾಸಣೆ ಮಾಡಿಸಿಕೊಂಡು ಸೋಂಕು ತಡೆಯುವ ಮಾತ್ರೆ ಬೇಕೇ ಎಂದು ವೈದ್ಯರನ್ನು ಕೇಳಬೇಕು. ಸುದ್ದಿ ಮುಚ್ಚಿಟ್ಟ ಮನೆಗೆ ಈ ಯಾವ ನೆರವೂ ಬರುವ ದಾರಿಯಿಲ್ಲ.