ರಿಪೇರಿಗೆ ದುಡ್ಡು ಕೇಳಬೇಕಾ?

ನಾಲ್ಕನೇ ಸೆಮ್‌ನಲ್ಲಿ ನಾವು ಮೂವರು ರೂಮ್‌ಮೇಟ್‌ಗಳು ಸಕಲೇಶಪುರದ ಕಡೆಯ ಒಂದು ಹೋಮ್‌ಸ್ಟೇಗೆ ವೆಬ್‌ಸೈಟ್ ಮಾಡಿಕೊಟ್ಟೆವು. 8,000 ರೂಪಾಯಿ, ನಮ್ಮ ಮೊದಲ ಸಂಪಾದನೆ. ಮಾರ್ಚ್‌ನಲ್ಲಿ ಸೈಟ್ ಲೈವ್ ಆಯ್ತು, ಗೋಬಿ ಮಂಚೂರಿ ಪಾರ್ಟಿನೂ ಆಯ್ತು. ಕೆಲಸ ಮುಗೀತು ಅಂದುಕೊಂಡೆವು.

ಜೂನ್‌ನಲ್ಲಿ ಯಜಮಾನರ ಫೋನ್. "ಏನ್ರಪ್ಪಾ, ಸೈಟ್ ಓಪನ್ ಮಾಡಿದ್ರೆ ಸೇಫ್ ಅಲ್ಲ ಅಂತ ಬರ್ತಿದೆ!" ಲೆಟ್ಸ್ ಎನ್‌ಕ್ರಿಪ್ಟ್‌ನ ಉಚಿತ ಸರ್ಟಿಫಿಕೇಟ್ ಹಾಕಿದ್ದೆವು. ಅದರ ಆಯಸ್ಸು 90 ದಿನ. ತಾನಾಗಿ ರಿನ್ಯೂ ಆಗುವ ಹಾಗೆ ಮಾಡೋದನ್ನು ಮರೆತಿದ್ದೆವು. ಸರಿಮಾಡಿದೆವು, ಪುಕ್ಕಟೆ. ಆಮೇಲೆ ಹೊಸ ರೂಮಿನ ಫೋಟೊ, ಪುಕ್ಕಟೆ. ರೇಟ್ ಬದಲಾವಣೆ, ಅದೂ ಪುಕ್ಕಟೆ. ಕೊನೆಗೆ ತಲೆ ಕೆಟ್ಟು, ಇನ್ಮೇಲೆ ಏನೇ ಕೇಳಿದರೂ ದುಡ್ಡು ಅಂತ ತೀರ್ಮಾನಿಸಿದೆವು.

ಆಗಸ್ಟ್ 15ರ ರಜೆಗೆ ಮುಂಚೆ ಮತ್ತೆ ಫೋನ್. "ಕೆಲವರಿಗೆ ಬುಕಿಂಗೇ ಆಗ್ತಿಲ್ವಂತೆ." ನಮಗೆ ಮರುದಿನ ಇಂಟರ್ನಲ್ಸ್. "1,500 ಆಗುತ್ತೆ ಸರ್" ಅಂದೆವು. ಅವರು ಒಂದು ಮಾತೂ ಆಡದೆ ಫೋನ್‌ಪೇ ಮಾಡಿದರು.

ರಾತ್ರಿ ಕೋಡ್ ತೆಗೆದು ನೋಡಿದರೆ ತಪ್ಪು ಕಣ್ಣಿಗೆ ರಾಚುತ್ತಿತ್ತು. ನಮ್ಮ ದೇಶದ ಮೊಬೈಲ್ ನಂಬರ್‌ಗಳು 6ರಿಂದಲೂ ಶುರುವಾಗ್ತವೆ. ನಾವು ಫಾರ್ಮ್‌ನಲ್ಲಿ 7ರಿಂದ 9 ಅಂತ ಮಾತ್ರ ಬರೆದಿದ್ದೆವು. 6ರ ನಂಬರಿನವರನ್ನೆಲ್ಲ ಮಾರ್ಚ್‌ನಿಂದ ಬಾಗಿಲಲ್ಲೇ ವಾಪಸ್ ಕಳಿಸುತ್ತಿದ್ದೆವು. ಆ ಪರೀಕ್ಷೆ ನಡೆಯುತ್ತಿದ್ದದ್ದು ಬ್ರೌಸರ್‌ನಲ್ಲೇ. ಸರ್ವರ್‌ಗೆ ಏನೂ ಬರುತ್ತಿರಲಿಲ್ಲ. ಹಾಗಾಗಿ ಎಷ್ಟು ಜನ ತಿರುಗಿ ಹೋದರೋ ಲೆಕ್ಕವೇ ಇಲ್ಲ. ಒಂದು 7 ಅಳಿಸಿ 6 ಬರೆದೆವು, ಅಷ್ಟೇ ರಿಪೇರಿ. ನಮ್ಮ ತಪ್ಪಿಗೆ ಅವರ ಹತ್ತಿರ ದುಡ್ಡು ತಗೊಂಡಿದ್ದೆವು.

ರೂಮಿನಲ್ಲಿ ಜಗಳವೇ ಆಯ್ತು. "ಯಾರ ತಪ್ಪಾದ್ರೇನು, ನಿದ್ದೆಗೆಟ್ಟವರು ನಾವು ತಾನೆ?" ಅಂದ ಒಬ್ಬ. "ಅವರಿಗೆ ಹೇಗೂ ಗೊತ್ತಾಗಲ್ಲ" ಅಂದ ಇನ್ನೊಬ್ಬ. ಹಾಗಂದ ಮೇಲೆ ಮೂವರೂ ಸುಮ್ಮನಾದೆವು. ಬೆಳಿಗ್ಗೆ ದುಡ್ಡು ವಾಪಸ್ ಹಾಕಿ, ನಡೆದದ್ದನ್ನು ಹೇಳಿದೆವು.

ಯಜಮಾನರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದರು: "ವೋಲ್ಟೇಜ್ ಏರಿಳಿದು ಪಂಪ್‌ಸೆಟ್ ಮೋಟಾರ್ ಸುಟ್ರೆ ವೈಂಡಿಂಗ್‌ನವ್ನಿಗೆ ದುಡ್ಡು ಕೊಡ್ತೀನಿ. ಅವನು ಸುತ್ತಿದ್ದೇ ಸರಿಯಿಲ್ದೆ ಸುಟ್ರೆ ಕೊಡಲ್ಲ. ನಿಮ್ಮದ್ರಲ್ಲಿ ಯಾವುದು ಯಾವುದು ಅಂತ ನನಗೆ ಹೇಗ್ರಪ್ಪಾ ಗೊತ್ತಾಗ್ಬೇಕು? ನೀವೇ ಹೇಳ್ಬೇಕು."

ಅಲ್ಲಿಂದ ನಾವು ಕೆಲಸಕ್ಕೆ ಮೊದಲೇ ಒಂದು ಪುಟ ಬರೆದು ಕೊಡುತ್ತೇವೆ. ನಮ್ಮ ತಪ್ಪು ಯಾವಾಗ ಸಿಕ್ಕರೂ ಪುಕ್ಕಟೆ ಸರಿಮಾಡುತ್ತೇವೆ. ಹೊಸ ಪುಟ, ಹೊಸ ಫೋಟೊ, ಹೊಸ ಆಸೆಗೆ ಬೇರೆ ರೇಟು. ಕಾಲ ಬದಲಾಗಿ ಕೆಟ್ಟದ್ದಕ್ಕೆ ವಾರ್ಷಿಕ ನಿರ್ವಹಣೆ ಶುಲ್ಕ. ಉದಾಹರಣೆಗೆ, ಪಿಎಚ್‌ಪಿ 7.4ಕ್ಕೆ 2022ರ ನವೆಂಬರ್‌ನಲ್ಲಿ ಬೆಂಬಲ ನಿಂತಿತು. 8ಕ್ಕೆ ಹೋದಾಗ ಹಳೆಯ ಸೈಟ್‌ಗಳು ಮುರಿದರೆ ಅದು ಹೊಸ ದುಡಿಮೆ, ಕೂಲಿ ಕೇಳಬಹುದು. ಆದರೆ ಇದರಲ್ಲೂ ಸಿಕ್ಕಿದೆ. 8ರಲ್ಲಿ ಕಿತ್ತುಹಾಕಿದ 'ಈಚ್' ಫಂಕ್ಷನ್ ಬಗ್ಗೆ 7.2ರಲ್ಲೇ ಎಚ್ಚರಿಕೆ ಇತ್ತು. ಅದಾದ ಮೇಲೂ ಹಳೇ ಟ್ಯುಟೋರಿಯಲ್‌ನಿಂದ ಅದನ್ನು ಕಾಪಿ ಹೊಡೆದಿದ್ದರೆ ತಪ್ಪು ಕಾಲದ್ದಲ್ಲ, ನಮ್ಮದೇ.

ಹೀಗೆ ಗೆರೆ ಎಲ್ಲಿದೆ ಅಂತ ಕಾಣುವುದು ಕೋಡ್ ಬರೆದವನಿಗೆ ಮಾತ್ರ. ಹಾಗಾಗಿ ದುಡ್ಡು ಕೇಳಿ, ಧಾರಾಳವಾಗಿ ಕೇಳಿ. ಕೇಳೋ ಮುಂಚೆ ಒಮ್ಮೆ ಕೋಡ್ ತೆಗೆದು ನೋಡಿ.

ಹೋದ ತಿಂಗಳು ಯಜಮಾನರು ಮತ್ತೆ ಫೋನ್ ಮಾಡಿದ್ದರು. "ಕಾಫಿ ಪುಡಿ ಮಾರೋಕೆ ಒಂದು ಪುಟ ಬೇಕು. ಎಷ್ಟಾಗುತ್ತೆ?" ಈ ಸಲ ಸಂಕೋಚವಿಲ್ಲದೆ ರೇಟು ಹೇಳಿದೆವು. ಆ ತಿರುಗಿ ಹೋದ ಗಿರಾಕಿಗಳ ಲೆಕ್ಕ ಮಾತ್ರ ಇನ್ನೂ ನಮ್ಮ ತಲೆಯಲ್ಲೇ ಇದೆ.