ಖಾಲಿ ತಾರಸಿ ಎಂಬ ಅಪವಾದ

ಬೆಳಗಿನ ದಿನಪತ್ರಿಕೆಯ ಮಡಿಕೆಯಿಂದ ಜಾರಿ ಬೀಳುವ ಕರಪತ್ರಗಳ ಸಾಲಿಗೆ, ಮನೆಪಾಠ ಮತ್ತು ಕುಕ್ಕರ್ ರಿಪೇರಿಗಳ ಜೊತೆಗೆ, ಜಯನಗರ, ಬನಶಂಕರಿ, ಜೆ.ಪಿ. ನಗರದ ಕಡೆ ಈಚೆಗೆ ಸೌರಫಲಕದ ಕರಪತ್ರಗಳೂ ಸೇರಿಕೊಂಡಿವೆ. ಅವುಗಳ ಬಣ್ಣ, ಚಿತ್ರ, ಫೋನ್ ನಂಬರು ಬೇರೆಬೇರೆಯಾದರೂ ಒಂದು ಮಾತು ಮಾತ್ರ ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ಧಾಟಿಯಲ್ಲಿರುತ್ತದೆ: ಮನೆಯ ಮೇಲೆ ಖಾಲಿ ಬಿದ್ದಿರುವ ಜಾಗದಿಂದ ಹಣ ಉಳಿಸಬಹುದು. ಹಣದ ಮಾತಿನಲ್ಲಿ ತಪ್ಪಿಲ್ಲ. ಕಾಫಿಯ ಲೋಟ ಕೈಯಲ್ಲಿರುವಾಗಲೇ ಓದುವವರ ಹುಬ್ಬು ಗಂಟಿಕ್ಕುವುದು 'ಖಾಲಿ ಬಿದ್ದಿರುವ' ಎಂಬಲ್ಲಿ. ದಕ್ಷಿಣ ಬೆಂಗಳೂರಿನ ತಾರಸಿಯನ್ನು ಖಾಲಿ ಎಂದು ಬರೆದವರು ಶಿವರಾತ್ರಿಗೂ ಯುಗಾದಿಗೂ ನಡುವಿನ ಒಂದು ಬೆಳಿಗ್ಗೆ ಅದರ ಮೆಟ್ಟಿಲು ಹತ್ತಿ ನೋಡಿರಲಾರರು.

ಎಲ್ಲರಿಗೂ ತಿಳಿದದ್ದನ್ನು ಮೊದಲೇ ಹೇಳಿ ಮುಗಿಸಬಹುದು. ಬೆಳಕು ಬಿದ್ದಾಗ ವಿದ್ಯುತ್ತು ಹೊಮ್ಮಿಸುವ ಸಿಲಿಕಾನ್ ಬಿಲ್ಲೆಗಳನ್ನು ಗಾಜಿನಡಿ ಜೋಡಿಸಿದ ಹಲಗೆಯೇ ಸೌರಫಲಕ. ಅದರಿಂದ ಬರುವ ಏಕಮುಖ ವಿದ್ಯುತ್ತನ್ನು ಫ್ಯಾನಿಗೂ ಮಿಕ್ಸಿಗೂ ಒಗ್ಗುವ ಪರ್ಯಾಯ ವಿದ್ಯುತ್ತಾಗಿ ಮಾರ್ಪಡಿಸುವುದು ಇನ್ವರ್ಟರ್. ಮನೆಯ ಖರ್ಚು ಕಳೆದು ಮಿಕ್ಕದ್ದನ್ನು ಬೆಸ್ಕಾಂ ತಂತಿಗೆ ಬಿಟ್ಟು, ಕೊಟ್ಟದ್ದನ್ನೂ ಪಡೆದದ್ದನ್ನೂ ಒಂದೇ ಮೀಟರಿನಲ್ಲಿ ಲೆಕ್ಕ ಇಡುವ ಏರ್ಪಾಡಿಗೆ ನೆಟ್ ಮೀಟರಿಂಗ್ ಎನ್ನುತ್ತಾರೆ. ಒಂದು ಕಿಲೋವಾಟಿಗೆ ಸುಮಾರು 100 ಚದರ ಅಡಿ ಜಾಗ ಬೇಕು, ದಿನಕ್ಕೆ ಸರಾಸರಿ 4 ಯೂನಿಟ್ ಹುಟ್ಟುತ್ತದೆ, 2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟಿಗೆ 78,000 ರೂಪಾಯಿ ಸಹಾಯಧನ ದೊರೆಯುತ್ತದೆ. ಹಿಂದಿನ ಬಳಕೆಯ ಸರಾಸರಿಗೆ ನೂರಕ್ಕೆ ಹತ್ತು ಸೇರಿಸಿ ತಿಂಗಳಿಗೆ 200 ಯೂನಿಟ್‌ವರೆಗೆ ಬಿಲ್ಲೇ ಇಲ್ಲದಂತೆ ಮಾಡಿದ ರಾಜ್ಯದ ಗೃಹಜ್ಯೋತಿ 2023ರಲ್ಲೇ ಬಂದಿದ್ದರಿಂದ, ಹಿತಮಿತವಾಗಿ ದೀಪ ಉರಿಸುವ ಕುಟುಂಬಕ್ಕೆ ಈ ಸಹಾಯಧನ ದೊಡ್ಡ ಆಕರ್ಷಣೆಯೇನೂ ಅಲ್ಲ ಎಂಬುದೂ ಕಾಣುವ ಸಂಗತಿಯೇ. ಇದರಲ್ಲಿ ಒಂದು ತಮಾಷೆ ಮಾತ್ರ ಕರಪತ್ರದಲ್ಲಿ ಅಚ್ಚಾಗುವುದಿಲ್ಲ: ಬ್ಯಾಟರಿ ಇಲ್ಲದ ಇಂಥ ವ್ಯವಸ್ಥೆ, ಬೀದಿಯಲ್ಲಿ ಕರೆಂಟು ಹೋದೊಡನೆ, ಕಂಬ ಹತ್ತಿದ ಲೈನ್‌ಮನ್ನಿಗೆ ಮನೆಯ ವಿದ್ಯುತ್ತು ಹೊಡೆಯದಿರಲೆಂದು ತಾನೂ ನಿಂತುಬಿಡುವಂತೆ ರಚಿತವಾಗಿದೆ. ಹೀಗಾಗಿ ಮಟಮಟ ಮಧ್ಯಾಹ್ನ, ನೆತ್ತಿಯ ಮೇಲೆ ಸೂರ್ಯ ಉರಿಯುತ್ತಿರುವಾಗಲೇ, ಲಕ್ಷಗಟ್ಟಲೆ ಸುರಿದು ಸೌರಫಲಕ ಹಾಕಿಸಿದವರ ಫ್ಯಾನು ನಿಂತು, ಹಳೆಯ ಯುಪಿಎಸ್ ಇಟ್ಟುಕೊಂಡ ಪಕ್ಕದ ಮನೆಯವರ ಫ್ಯಾನು ತಿರುಗುತ್ತಿರುತ್ತದೆ.

ಇನ್ನು ಸಂಡಿಗೆಯ ವಿಷಯ. ಅಕ್ಕಿಯನ್ನು ನೆನೆಹಾಕಿ ರುಬ್ಬಿ, ಉಪ್ಪು, ಹಸಿಮೆಣಸಿನಕಾಯಿ, ಜೀರಿಗೆ, ಇಂಗು ಸೇರಿಸಿ, ಗಂಟಾಗದಂತೆ ಕೈಬಿಡದೆ ತೊಳಸಿ ಕಾಯಿಸಿದ ಹಿಟ್ಟನ್ನು, ಎದುರು ಮನೆಯ ಸಿಂಟೆಕ್ಸ್ ತೊಟ್ಟಿಯ ಮೇಲೆ ಸೂರ್ಯ ಇಣುಕುವ ಮೊದಲೇ ತಾರಸಿಗೆ ಸಾಗಿಸಿ, ಒದ್ದೆ ಮಾಡಿ ಹಿಂಡಿ ಹರಡಿದ ಹಳೆಯ ಪಂಚೆಯ ಮೇಲೆ ಸೌಟಿನಿಂದ ಬಿಡುವುದೋ ಚಕ್ಕುಲಿ ಒರಳಿನಿಂದ ಒತ್ತುವುದೋ ಆಯಾ ಮನೆಯ ಸಂಪ್ರದಾಯಕ್ಕೆ ಸೇರಿದ್ದು. ಎರಡನೆಯ ದಿನ ಪಂಚೆಯನ್ನು ಮಗುಚಿ ಅದರ ಬೆನ್ನಿಗೆ ನೀರು ಚಿಮುಕಿಸಿದರೆ ಅಂಚು ಬಿಟ್ಟುಕೊಂಡು ಸಂಡಿಗೆಗಳು ಒಂದೊಂದಾಗಿ ಏಳುತ್ತವೆ. ನೀರು ಹೆಚ್ಚಾದರೆ ಮೆತ್ತಗಾಗಿ ಕೈಗೆ ಹತ್ತುತ್ತವೆ, ಕಡಿಮೆಯಾದರೆ ಪಂಚೆಯ ನೂಲನ್ನೂ ಕಿತ್ತುಕೊಂಡು ಬರುತ್ತವೆ. ಭತ್ತದ ಅರಳಿಗೆ ಬೂದುಗುಂಬಳದ ತಿರುಳು ಬೆರೆಸಿ ಉಂಡೆಯಾಗಿ ಇಡುವ ಅರಳು ಸಂಡಿಗೆಯ ಶಾಸ್ತ್ರವೇ ಬೇರೆ. ಹಗಲೆಲ್ಲ ಬಿಸಿಲಿಗೂ ರಾತ್ರಿಯೆಲ್ಲ ಉಪ್ಪು ಮಜ್ಜಿಗೆಗೂ ಸರದಿಯಂತೆ ಹೋಗಿಬಂದು, ಮಜ್ಜಿಗೆಯೆಲ್ಲ ಹೀರಿ ಮುಗಿಯುವವರೆಗೂ ಓಡಾಡುವ ಬಾಳಕದ ಮೆಣಸಿನಕಾಯಿಗೆ ಎಷ್ಟು ದಿನದ ಬಿಸಿಲು ಬೇಕೆಂಬುದರ ಬಗ್ಗೆ ಒಂದೇ ಮನೆಯ ಅತ್ತೆ-ಸೊಸೆಯರಲ್ಲೂ ಒಮ್ಮತವಿರುವುದು ಅಪರೂಪ. ಇವೆಲ್ಲದರ ಕಾವಲಿಗೆ ಕೊಡೆ ಮತ್ತು ಕೋಲು ಕೊಟ್ಟು ಮಕ್ಕಳನ್ನು ಕೂರಿಸುವುದು ರೂಢಿ. ಮೇಲೆ ಸಿಪ್ಪೆಗಟ್ಟಿ ಒಳಗೆ ಇನ್ನೂ ಮೆತ್ತಗಿರುವ ಮೊದಲ ಸಂಜೆಯ ಹಸಿ ಸಂಡಿಗೆಯ ರುಚಿ ಕರಿದ ಸಂಡಿಗೆಗೂ ಇಲ್ಲವೆಂಬುದು ಆ ಕಾವಲುಗಾರರಿಗೆ ಗೊತ್ತಿರುವುದರಿಂದ, ಕಾಗೆಗಳಿಂದ ಆಗುವ ನಷ್ಟಕ್ಕಿಂತ ಕಾವಲಿನಿಂದ ಆಗುವ ನಷ್ಟವೇ ಸಾಮಾನ್ಯವಾಗಿ ಹೆಚ್ಚು.

ಗಾಂಧಿ ಬಜಾರಿನ ಅಥವಾ ಜಯನಗರ ನಾಲ್ಕನೆಯ ಬ್ಲಾಕಿನ ಕಾಂಡಿಮೆಂಟ್ಸ್ ಅಂಗಡಿಯಲ್ಲಿ ಎಲ್ಲ ಬಗೆಯ ಸಂಡಿಗೆಯೂ ವರ್ಷವಿಡೀ ಸಿಗುವಾಗ ಇಷ್ಟು ಪಾಡೇಕೆ ಎಂದು ಕೇಳುವವರಿದ್ದಾರೆ. ಅಂಥವರೊಡನೆ ವಾದ ಬೆಳೆಸುವುದರಿಂದ ಪ್ರಯೋಜನವಿಲ್ಲ.

ಈ ಕೆಲಸ ತಾರಸಿಗೆ ಎಲ್ಲಿಂದ ಬಂತೆಂಬುದು ಮಾತ್ರ ವಿಚಾರ ಮಾಡತಕ್ಕ ಸಂಗತಿ. 1948ರಲ್ಲಿ ಶಂಕುಸ್ಥಾಪನೆಯಾದ ಜಯನಗರ ಬಯಲಿನ ಮೇಲೆ ಎದ್ದು ನಿಂತದ್ದಲ್ಲ. ಬೈರಸಂದ್ರ, ಯಡಿಯೂರು, ಸಿದ್ದಾಪುರ, ಕನಕನಪಾಳ್ಯಗಳಂಥ ಹಳ್ಳಿಗಳ ನಡುನಡುವೆ ಅದು ಹರಡಿಕೊಂಡಿತು. ಮುಂದೆ ಜೆ.ಪಿ. ನಗರ ಸಾರಕ್ಕಿ, ಜರಗನಹಳ್ಳಿ, ಪುಟ್ಟೇನಹಳ್ಳಿಗಳನ್ನೂ, ಬನಶಂಕರಿ ಬಡಾವಣೆ ಕದಿರೇನಹಳ್ಳಿ, ಚಿಕ್ಕಲ್ಲಸಂದ್ರಗಳನ್ನೂ ಒಳಗೊಳ್ಳುತ್ತ ಬೆಳೆದವು. ರಾಗಿ ಬಡಿಯಲು ಸಗಣಿ ಸಾರಿಸಿ ಸಿದ್ಧಪಡಿಸುತ್ತಿದ್ದ ಕಣ ಆ ಹಳ್ಳಿಗಳಿಗಿತ್ತು. ಹಾಸನ, ಮಂಡ್ಯ, ತುಮಕೂರು, ಮಲೆನಾಡುಗಳಿಂದ ಬಂದು 30-40ರ ಸೈಟುಗಳಲ್ಲಿ ಮನೆ ಕಟ್ಟಿದವರ ಊರಿನ ಮನೆಗಳಿಗೆ ಅಂಗಳವಿತ್ತು. ಸೈಟು ಅಂಗಳವನ್ನು ನುಂಗಿದಾಗ, ಅಂಗಳದ ಕೆಲಸವೆಲ್ಲ ಮೆಟ್ಟಿಲು ಹತ್ತಿ ಮೇಲೆ ಹೋಯಿತು: ಊರಿನಿಂದ ಬಂದ ಮೂಟೆಯ ತೊಗರಿಯನ್ನು ಒಣಗಿಸುವುದು, ಹುಣಸೆಹಣ್ಣನ್ನು ಜಜ್ಜಿ ಬೀಜ ತೆಗೆಯುವುದು, ಸಾರಿನ ಪುಡಿಗೆ ಬ್ಯಾಡಗಿ ಮೆಣಸಿನಕಾಯಿ ಗರಿಗರಿಯಾಗಿಸುವುದು, ಒಡೆದ ಕಾಯಿಯನ್ನು ಕೊಬ್ಬರಿ ಮಾಡುವುದು. ಕನಕಪುರ ರಸ್ತೆಯ ಆಚೆಗೋ ಮಾಗಡಿಯ ಕಡೆಗೋ ಒಂದೆರಡು ಎಕರೆ ತೋಟವನ್ನು ಇನ್ನೂ ಉಳಿಸಿಕೊಂಡಿರುವ ಕುಟುಂಬಗಳಿಗಂತೂ ತಾರಸಿ ಆ ತೋಟದ್ದೇ ಇನ್ನೊಂದು ತುದಿ. ಅಂಥ ಜಾಗದಲ್ಲಿ ಆರು ಫಲಕಗಳು, ಒಂದೊಂದೂ ಸುಮಾರು ಏಳೂವರೆ ಅಡಿ ಉದ್ದ, ಇಪ್ಪತ್ತೇಳೆಂಟು ಕಿಲೋ ತೂಕದವು, ಬಂದು ಕುಳಿತರೆ ಮನೆಯೊಡತಿಯ ಮೊದಲ ಪ್ರಶ್ನೆ ಯೂನಿಟ್ಟಿನದಾಗಿರುವುದಿಲ್ಲ.

ಇಲ್ಲಿ ಭೌತಶಾಸ್ತ್ರವೂ ಸ್ವಲ್ಪ ಬೇಕಾಗುತ್ತದೆ. ಸಂಡಿಗೆಗೆ ಬೇಕಾದದ್ದು ಶಾಖ ಮತ್ತು ಒಣಗಾಳಿ. ಫಲಕಕ್ಕೆ ಬೇಕಾದದ್ದು ಬೆಳಕು ಮಾತ್ರ, ಶಾಖ ಅದಕ್ಕೆ ಆಗಿಬರುವುದಿಲ್ಲ. ಫಲಕದ ಸಾಮರ್ಥ್ಯವನ್ನು 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅಳೆದು ಬರೆದಿರುತ್ತಾರೆ. ಅದಕ್ಕಿಂತ ಮೇಲೆ ಒಂದೊಂದು ಡಿಗ್ರಿ ಏರಿದಂತೆಯೂ ಉತ್ಪಾದನೆ ನೂರಕ್ಕೆ ಸುಮಾರು 0.3ರಿಂದ 0.4ರಷ್ಟು ಕುಗ್ಗುತ್ತದೆ, ಚೈತ್ರದ ಮಧ್ಯಾಹ್ನದಲ್ಲಿ ಗಾಜಿನಡಿಯ ಬಿಲ್ಲೆಯ ಉಷ್ಣತೆ 50 ಡಿಗ್ರಿ ದಾಟುವುದು ಮಾಮೂಲು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ತಂಪಿನಲ್ಲಿ, ಅಷ್ಟೇ ಬೆಳಕಿಗೆ, ಬಳ್ಳಾರಿಯ ಕಾವಿಗಿಂತ ಫಲಕ ಒಂದಿಷ್ಟು ಹೆಚ್ಚೇ ದುಡಿಯುತ್ತದೆ. ಬಿಸಿಲು ಬೇಕು, ಸೆಕೆ ಮಾತ್ರ ಬೇಡ ಎನ್ನುವ ಈ ವಸ್ತು ಸ್ವಭಾವದಲ್ಲಿ ಬಸವನಗುಡಿಯ ಹಳೆಯ ಪಿಂಚಣಿದಾರರಂತೆ. ಹೀಗೆ ಇಬ್ಬರ ಬೇಡಿಕೆ ಬೇರೆಯಾದರೂ ಕೂರುವ ಜಾಗ ಒಂದೇ ಆದ್ದರಿಂದ ಜಗಳ ತಪ್ಪಿದ್ದಲ್ಲ. ಏಳೆಂಟು ಅಡಿ ಎತ್ತರದ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಫಲಕಗಳನ್ನು ಅದರ ಮೇಲೆ ಹೊದಿಸಿದರೆ ಕೆಳಗೆ ಓಡಾಡಬಹುದೆಂದು ಹಾಕುವವರು ಹೇಳುತ್ತಾರೆ. ಖರ್ಚು ಹೆಚ್ಚಾದರೂ ಅದು ನಿಜ, ಅದರಡಿಯಲ್ಲಿ ಒಂದೆಲಗವೂ ದೊಡ್ಡಪತ್ರೆಯೂ ಸೊಂಪಾಗಿ ಬರುತ್ತವೆ, ಬಟ್ಟೆಯೂ ನಿಧಾನಕ್ಕೆ ಒಣಗುತ್ತದೆ. ಸಂಡಿಗೆ ಮಾತ್ರ ಹುಳಿಯುತ್ತದೆ.

ಬಿಸಿಲು ಬೀಳುವ ಜಾಗವನ್ನು ಖಾಲಿಯೆಂದು ಬರೆದುಕೊಳ್ಳುವ ಈ ಅಭ್ಯಾಸ ತಾರಸಿಗೆ ಮಾತ್ರ ಸೀಮಿತವಲ್ಲ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿ, ತಿರುಮಣಿ, ವಳ್ಳೂರು, ಬಾಲಸಮುದ್ರ ಮೊದಲಾದ ಊರುಗಳ ಸುತ್ತ, ಸುಮಾರು 13,000 ಎಕರೆಯಲ್ಲಿ ಹಬ್ಬಿರುವ, 2018ರಲ್ಲಿ ಉದ್ಘಾಟನೆಗೊಂಡ 2,050 ಮೆಗಾವಾಟ್‌ನ ಸೌರ ಉದ್ಯಾನದ ಬಗ್ಗೆ ಬರೆಯುವಾಗಲೂ 'ಬರಡು ನೆಲ' ಎಂಬ ಮಾತು ಸಲೀಸಾಗಿ ಬರುತ್ತದೆ. ಮಳೆ ಕೈಕೊಟ್ಟ ವರ್ಷಗಳು ಅಲ್ಲಿ ಹೆಚ್ಚೆಂಬುದೂ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾದ ಗುತ್ತಿಗೆ ಹಣ ಅನೇಕ ರೈತರಿಗೆ ನೆಲಗಡಲೆಗಿಂತ ನೆಚ್ಚಿನ ಬೆಳೆಯಾಯಿತೆಂಬುದೂ ದಿಟವೇ. ಆದರೆ ನೆಲಗಡಲೆ ಬೆಳೆಯುತ್ತಿದ್ದ, ಬೆಳೆ ಇಲ್ಲದಾಗ ಕುರಿ ಮೇಯುತ್ತಿದ್ದ ಭೂಮಿಯನ್ನು ಖಾಲಿ ಎನ್ನಲಾಗದು. ಗುತ್ತಿಗೆಯ ಪತ್ರ ಪಹಣಿಯಲ್ಲಿ ಹೆಸರಿದ್ದವರಿಗೆ ಸಿಕ್ಕಿತು, ಕಳೆ ಕೀಳುವ ಕೂಲಿಯವರಿಗೂ ಕುರಿಯ ಹಿಂದೆ ನಡೆಯುವವರಿಗೂ ಅಂಥ ಪತ್ರವಿರಲಿಲ್ಲ.

ಊರಿನ ಮನೆಗೂ ಸೌರ ದೀಪಕ್ಕೂ ಇರುವ ನಂಟು ಪಟ್ಟಣದ ತಾರಸಿಗಿಂತ ಹಳೆಯದೆಂಬುದು ಇನ್ನೊಂದು ವಿಶೇಷ, ಆ ನಂಟಿನ ವಿಳಾಸವೂ ಜೆ.ಪಿ. ನಗರದ್ದೇ. ಹರೀಶ್ ಹಂದೆಯವರು 1995ರಲ್ಲಿ ಕಟ್ಟಿದ, 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ತಂದ ಸೆಲ್ಕೊ ಸಂಸ್ಥೆ, ತನ್ನ ಕಚೇರಿಯನ್ನು ಈ ಬಡಾವಣೆಯಲ್ಲಿಟ್ಟುಕೊಂಡು, ದೀಪಗಳನ್ನು ಹೊತ್ತಿಸಿದ್ದು ಕರಾವಳಿ ಮತ್ತು ಮಲೆನಾಡಿನ ಹಳ್ಳಿಮನೆಗಳಲ್ಲಿ, ಅದೂ ಬ್ಯಾಂಕುಗಳ ಸಣ್ಣ ಸಾಲದ ಕಂತುಗಳ ಮೇಲೆ. ಗುಡ್ಡದ ಮಗ್ಗುಲಲ್ಲಿ, ತೋಟದ ತಲೆಯಲ್ಲಿ ಒಂಟಿಯಾಗಿ ನಿಂತ ಮನೆಗೆ ಕಂಬ ಬರುವುದೇ ತಡ, ಬಂದರೂ ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿಯುವುದು ನಿತ್ಯದ ಪಾಡು. ಅಲ್ಲಿ ಅಡುಗೆಮನೆಗೊಂದು, ಜಗಲಿಗೊಂದು, ಕೊಟ್ಟಿಗೆಗೊಂದು ಎಂದು ಹಂಚಿಕೊಂಡ ದೀಪಗಳ ಬೆಳಕು ಬಿಲ್ಲು ಉಳಿಸುವ ಲೆಕ್ಕಕ್ಕೆ ಸೇರಿದ್ದಲ್ಲ. ಬ್ಯಾಟರಿಗೆ ಬಟ್ಟಿ ಇಳಿಸಿದ ನೀರು ಹಾಕುವುದನ್ನು ಹಟ್ಟಿಗೆ ಹುಲ್ಲು ಹಾಕುವಷ್ಟೇ ಸಹಜವಾಗಿ ಆ ಮನೆಗಳು ದಿನಚರಿಗೆ ಸೇರಿಸಿಕೊಂಡವು. ಅಂಗಳದ ವಿಚಾರದಲ್ಲೂ ಅವರಿಗೆ ಗೊಂದಲವಿರಲಿಲ್ಲ: ಚಾಲಿ ಅಡಿಕೆಗೆ, ಎಂದರೆ ಹಣ್ಣಡಿಕೆಯನ್ನು ಸಿಪ್ಪೆ ಸಹಿತ ಒಣಗಿಸಿ ಆಮೇಲೆ ಸುಲಿಯುವ ಬಗೆಗೆ, 40ರಿಂದ 45 ದಿನದ ಬಿಸಿಲು ಬೇಕಾಗುವುದರಿಂದ ಅಂಗಳವನ್ನು ಅಡಿಕೆಗೇ ಬಿಟ್ಟು, ಫಲಕವನ್ನು ಹೆಂಚಿನ ಮಾಡಿನ ಮೇಲೆ ಏರಿಸಿದರು. ಸಮತಟ್ಟಾದ ತಾರಸಿಯವರಿಗೆ ಆ ಭಾಗ್ಯವಿಲ್ಲ.

ತಾರಸಿಯವರಿಗೆ ಇರುವುದು ತೆಂಗಿನಮರದ ಪ್ರಶ್ನೆ. ಜಯನಗರದ ಹಳೆಯ ಮನೆಗಳ ಹಿತ್ತಲಿನಲ್ಲಿ ಒಂದೆರಡು ತೆಂಗು, ಒಂದು ಕರಿಬೇವು, ಸಾಧ್ಯವಾದರೆ ಒಂದು ಸಂಪಿಗೆ ಇದ್ದೇ ಇರುತ್ತವೆ. ನೆಟ್ಟವರ ಮೊಮ್ಮಕ್ಕಳ ಕಾಲಕ್ಕೆ ತೆಂಗು ಮೂರು ಮಹಡಿ ಮೀರಿ, ಅದರ ಗರಿಯ ನೆರಳು ಹತ್ತು ಗಂಟೆಯ ಹೊತ್ತಿಗೆ ಪಕ್ಕದವರ ಫಲಕದ ಮೇಲೆ ಆಡತೊಡಗುತ್ತದೆ. ಫಲಕದೊಳಗಿನ ಬಿಲ್ಲೆಗಳು ಸಾಲಾಗಿ ಹೆಣೆದುಕೊಂಡಿರುವುದರಿಂದ ಒಂದರ ಮೇಲೆ ಬಿದ್ದ ನೆರಳು ಸಾಲಿನುದ್ದಕ್ಕೂ ಹರಿವನ್ನು ತಗ್ಗಿಸುತ್ತದೆ. ಅದನ್ನು ಬಳಸಿಕೊಂಡು ಹೋಗುವ ಡಯೋಡುಗಳಿದ್ದರೂ ನಷ್ಟ ಪೂರ್ತಿ ತಪ್ಪುವುದಿಲ್ಲ. ಮರದ ಕಾಯಿ ಕಾಂಪೌಂಡಿನ ಆಚೆ ಬಿದ್ದರೆ ಯಾರದ್ದು ಎಂಬ ಹಳೆಯ ವ್ಯಾಜ್ಯಕ್ಕೆ, ನೆರಳು ಆಚೆ ಬಿದ್ದರೆ ನಷ್ಟ ಯಾರದ್ದು ಎಂಬ ಹೊಸದೊಂದು ಸೇರಿಕೊಂಡಿದೆ. ಸಂಡಿಗೆಯ ಮೇಲೆ ಅದೇ ನೆರಳು ಬಿದ್ದಾಗ ಪಂಚೆಯನ್ನು ನಾಲ್ಕು ಅಡಿ ಪಕ್ಕಕ್ಕೆ ಎಳೆದು ಜನ ಸುಮ್ಮನಾಗುತ್ತಿದ್ದರು.

ದಿಕ್ಕಿನ ಮಾತೂ ಇದೆ. ಫಲಕ ದಕ್ಷಿಣಕ್ಕೆ ಮುಖಮಾಡಿ, ಊರಿನ ಅಕ್ಷಾಂಶದಷ್ಟು, ಎಂದರೆ ಇಲ್ಲಿ ಸುಮಾರು 13 ಡಿಗ್ರಿ, ಓರೆಯಾಗಿ ಕೂರಬೇಕು. ಯಮನ ದಿಕ್ಕೆಂದು ದಕ್ಷಿಣದ ಬಾಗಿಲಿನ ಸೈಟಿಗೆ ಚೌಕಾಸಿ ಮಾಡುವ ಬಡಾವಣೆಗಳಲ್ಲಿಯೇ, ವಾಸ್ತುವಿನವರ ತಕರಾರಿಲ್ಲದೆ, ಸಾಲುಸಾಲು ತಾರಸಿಗಳು ದಕ್ಷಿಣಕ್ಕೆ ಮುಖ ಮಾಡಿ ಕುಳಿತಿರುವುದು ನೋಡತಕ್ಕ ದೃಶ್ಯ. ಸೂರ್ಯನಾದರೂ ಸದಾ ದಕ್ಷಿಣದಲ್ಲಿ ಇರುವವನಲ್ಲ: ಏಪ್ರಿಲ್ 24ರ ಸುಮಾರಿಗೆ ಬೆಂಗಳೂರಿನ ನೆತ್ತಿಗೆ ಬಂದು, ನೆಟ್ಟ ಕೋಲಿಗೆ ನಡುಹಗಲಿನಲ್ಲಿ ನೆರಳೇ ಇಲ್ಲದಂತೆ ಮಾಡಿ, ಉತ್ತರಕ್ಕೆ ದಾಟಿ, ಆಗಸ್ಟ್ 18ರ ಸುಮಾರಿಗೆ ಮತ್ತೆ ನೆತ್ತಿಯ ಮೂಲಕ ಹಿಂದಿರುಗುತ್ತಾನೆ. ನಡುವಿನ ದಿನಗಳಲ್ಲಿ ಫಲಕ ಅವನಿಗೆ ಅಷ್ಟಿಷ್ಟು ಬೆನ್ನು ತಿರುಗಿಸಿದಂತೆಯೇ. ಅದರಲ್ಲಿ ಬಹುಪಾಲು ಮುಂಗಾರಿನ ಮೋಡದ ಕಾಲವಾದ್ದರಿಂದ ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ.

ಸೂರ್ಯನ ಈ ಓಡಾಟವನ್ನು ದಕ್ಷಿಣ ಬೆಂಗಳೂರಿನಲ್ಲಿ ಎಲ್ಲರಿಗಿಂತ ಮೊದಲು ಲೆಕ್ಕ ಹಾಕಿದವರು ಗವಿಪುರದ ಗವಿ ಗಂಗಾಧರೇಶ್ವರ ಗುಡಿಯನ್ನು ರೂಪಿಸಿದವರಿರಬೇಕು. ಅಂಗಳದಲ್ಲಿ ಸೂರ್ಯಪಾನ, ಚಂದ್ರಪಾನ ಎಂಬ ಎರಡು ಏಕಶಿಲಾ ಚಕ್ರಗಳನ್ನು ನಿಲ್ಲಿಸಿರುವ ಆ ಗುಡಿಯಲ್ಲಿ, ಮಕರ ಸಂಕ್ರಾಂತಿಯ ಸಂಜೆ ಬಿಸಿಲು ನಂದಿಯ ಕೊಂಬುಗಳ ನಡುವೆ ಹಾದು ಗುಹೆಯೊಳಗಿನ ಲಿಂಗವನ್ನು ಮುಟ್ಟುವುದನ್ನು ನೋಡಲು ಜನಸಾಗರವೇ ಸೇರುತ್ತದೆ. ಡಿಸೆಂಬರ್ 21ರ ಆಸುಪಾಸಿನಲ್ಲಿ ದಕ್ಷಿಣದ ಕೊನೆ ಮುಟ್ಟಿ ತಿರುಗುವ ಸೂರ್ಯ, ತಿರುಗಿದ ಇಷ್ಟು ದಿನದ ಮೇಲೆ ಎಲ್ಲಿ ಮುಳುಗುತ್ತಾನೋ, ತಿರುಗುವ ಅಷ್ಟೇ ದಿನ ಮೊದಲು ಕೂಡ ಅಲ್ಲಿಯೇ ಮುಳುಗಿರಬೇಕಾದ್ದರಿಂದ, ನವೆಂಬರ್ ಕೊನೆಯಲ್ಲೂ ಇದೇ ಕಿರಣ ಇದೇ ದಾರಿಯಲ್ಲಿ ಒಳಬರುತ್ತದೆ, ಖಗೋಳವಿಜ್ಞಾನಿ ಬಿ. ಎಸ್. ಶೈಲಜಾ ಮತ್ತು ಸಂಗಡಿಗರು ಈ ಗುಡಿಯ ಬೆಳಕಿನ ಲೆಕ್ಕವನ್ನು, ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಡೇನಿಯಲ್ ಎಂಬ ಚಿತ್ರಕಾರರು ಬಿಡಿಸಿದ ಚಿತ್ರದೊಡನೆಯೂ ಹೋಲಿಸಿ ಅಭ್ಯಾಸ ಮಾಡಿದ್ದಾರೆ. ಆದರೆ ನವೆಂಬರಿನ ಆ ಸಂಜೆಗೆ ಹಬ್ಬದ ಹೆಸರಿಲ್ಲದ ಕಾರಣ ಟಿವಿಯವರೂ ಇರುವುದಿಲ್ಲ, ನೂಕುನುಗ್ಗಲೂ ಇರುವುದಿಲ್ಲ.

ಕೆಲವು ವರ್ಷಗಳಲ್ಲಿ ಕಾರ್ತಿಕದ ಕಡೆಯ ಸೋಮವಾರವೂ ಅದೇ ಹೊತ್ತಿಗೆ ಬರುವುದರಿಂದ, ಬರಬಹುದಾದ ಜನವೆಲ್ಲ ಅನತಿದೂರದ ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿರುತ್ತದೆ. ಬುಲ್ ಟೆಂಪಲ್ ರಸ್ತೆಯ ಎರಡೂ ಬದಿಗೆ ರಾಶಿ ಹಾಕಿಕೊಂಡು ಕೂತ ರೈತರ ಮುಂದೆ, ಎರಡು ಕಾಳಿನದು, ಮೂರು ಕಾಳಿನದು, ನಾಟಿ, ಹಸಿ, ಹುರಿದದ್ದು, ಬೇಯಿಸಿದ್ದು ಎಂದು ಬಗೆಬಗೆಯಾಗಿ ವಿಂಗಡಿಸಿಟ್ಟ ಕಡಲೆಕಾಯಿಯಲ್ಲಿ ಮೊದಲು ಯಾವುದನ್ನು ಕೊಳ್ಳಬೇಕೆಂಬುದು ಸಣ್ಣ ಪ್ರಶ್ನೆಯಲ್ಲ. ಹುರಿದದ್ದಕ್ಕೆ ಬೆಂಬಲಿಗರು ಹೆಚ್ಚಿದ್ದರೂ, ನೆಲದಿಂದ ಕಿತ್ತ ಹೊಸ ಕಾಯಿಯನ್ನು ಉಪ್ಪುನೀರಿನಲ್ಲಿ ಬೇಯಿಸಿದಾಗ ಸಿಪ್ಪೆಯೊಳಗೆ ಉಳಿಯುವ ಆ ಗುಟುಕು ನೀರಿನ ಸಲುವಾಗಿಯಾದರೂ ಬೇಯಿಸಿದ್ದರ ಪಕ್ಷವೇ ಗಟ್ಟಿ. ಚುರುಮುರಿಗೆ ಮಾತ್ರ ಹುರಿದದ್ದೇ ಆಗಬೇಕು.