ಗೇಟು ದಾಟಿದ ಕೂಸಿಗೆ ಬೆತ್ತ ಯಾಕೆ?

ಒಂದನೇ ಕ್ಲಾಸಿನ ಮಗು ಶಾಲೆಯಿಂದ ಎದ್ದು ಹೋದರೆ ಕೆರೆ, ಬಾವಿ, ರಸ್ತೆ ಕಡೆ ಜನ ಓಡಬೇಕು, ಹೆತ್ತವರಿಗೆ ಫೋನ್ ಹೋಗಬೇಕು. ಸಿಗದಿದ್ದರೆ ತಡಮಾಡದೆ 112ಕ್ಕೋ 1098ಕ್ಕೋ ಕರೆ.

ನಮ್ಮ ಕೇರಿ ಹುಡುಗನ ವಿಷಯದಲ್ಲಿ ಆಗಿದ್ದೇ ಬೇರೆ. ಕೂಲಿಗೆ ಹೋದ ಅವ್ವನ್ನ ಹುಡುಕ್ಕೊಂಡು ಹೊಲದ ಕಡೆ ನಡೆದಿದ್ದ. ಹಿಡಿದು ತಂದು "ಕೇರಿ ಮಕ್ಕಳಿಗೆ ಶಿಸ್ತಿಲ್ಲ" ಅಂತ ಎಲ್ಲರೆದುರು ಬೆತ್ತ. ಆರು ವರ್ಷದ ಕೂಸಿಗೆ ಶಿಸ್ತಂತೆ! ಯಾಕೆ ಹೋದೆ ಅಂತ ಒಬ್ರೂ ಕೇಳಲಿಲ್ಲ. ನಾವು ಕೇಳಿದ್ವಿ. "ನನ್ ಪಕ್ಕ ಯಾರೂ ಕೂರಲ್ಲ" ಅಂದ.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆತವನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಶಾಲೆಗೆ ಕಾಂಪೌಂಡೋ ಬೇಲಿಯೋ ಬೇಕು ಅಂತಲೂ ಅದೇ ಕಾಯ್ದೆ ಹೇಳುತ್ತೆ. ಇಲ್ಲಿ ಗೋಡೆ ಬಿದ್ದು ವರ್ಷವಾಯ್ತು. ಶನಿವಾರ ಎಸ್‌ಡಿಎಂಸಿ ಸಭೆ ಇದೆ, ನಾನು ಆಫೀಸಿಗೆ ರಜೆ ಹಾಕಿದ್ದೀನಿ. ಪೋಷಕರೆಲ್ಲ ಬನ್ನಿ.